ಬಿಗಿದುಕೊಂಡ ಸ್ಟಿಯರಿಂಗ್ ಚಕ್ರವನ್ನು ತೆಗೆಯುವ ಕ್ರಮ

1958ರಿಂದ 2014ರ ವರೆಗೆ ತಯಾರಾದ ಅಂಬಾಸಡರ್ ಮೊದಲಾದ ಹಳೆಯ ಕಾರುಗಳು ಈಗಲೂ ಕೆಲವು ಭೂಮಾಲಕರ ಮನೆಗಳಲ್ಲಿ ಉಳಿದಿವೆ. ಇವುಗಳ ಸ್ಟಿಯರಿಂಗ್ ಚಕ್ರ ಒಡೆದಾಗ, ಇಲ್ಲವೆ ಅದರ ಕೆಳಗಿನ ಸ್ವಿಚ್ಚು ಕೆಟ್ಟಾಗ, ಚಕ್ರವನ್ನು ಬಿಚ್ಚಬೇಕಾಗುತ್ತದೆ. ಚಿಕ್ಕೇರೂರಿನಂತಹ ಗ್ರಾಮದಲ್ಲಿ ಮಿಸ್ತ್ರಿಯ ದಾರಿ ಕಾಯದೆ ಮನೆಯಲ್ಲಿಯೇ ಈ ಕೆಲಸವನ್ನು ಮಾಡಬಹುದು. ಆದರೆ ಕ್ರಮ ತಪ್ಪಿದರೆ ಪ್ರಾಣಾಪಾಯವುಂಟು.

ನಟ್ಟನ್ನು ಬಿಚ್ಚಿದರೂ ಚಕ್ರ ಕದಲದಿರಲು ಕಾರಣವೇನು? ಬಹುತೇಕ ಹಳೆಯ ಕಾರುಗಳಲ್ಲಿ ಚಕ್ರವು ಹಲ್ಲುಗಳುಳ್ಳ ದಂಡದ ಮೇಲೆ ಕುಳಿತಿರುತ್ತದೆ. ಅನೇಕ ಕಾರುಗಳಲ್ಲಿ ಆ ದಂಡದ ತುದಿಯು ಮೇಲ್ಮೇಲಕ್ಕೆ ಕಿರಿದಾಗಿರುತ್ತದೆ. ಸೀಳಿದ ಕಟ್ಟಿಗೆಯಲ್ಲಿ ಬೆಣೆಯು ಹಿಡಿದುಕೊಳ್ಳುವಂತೆ ಚಕ್ರವು ಅಲ್ಲಿ ಹಿಡಿದುಕೊಳ್ಳುತ್ತದೆ. ತುಕ್ಕು ಅದನ್ನು ಮತ್ತಷ್ಟು ಬಿಗಿಗೊಳಿಸುತ್ತದೆ.

ಕ್ರಮವು ಹೀಗಿದೆ:

(1) ಮುಂಗಾಲಿಗಳನ್ನು ನೇರವಾಗಿಟ್ಟು, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

(2) ಹಾರ್ನಿನ ಗುಂಡಿಯನ್ನೂ ತಂತಿಯನ್ನೂ ತೆಗೆದು, ದಂಡಕ್ಕೂ ಚಕ್ರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗುರುತು ಹಾಕಬೇಕು.

(3) ನಟ್ಟನ್ನು ಸಡಿಲಿಸಿ, ಎರಡು ಮೂರು ಸುತ್ತು ಮರೆಗಳ ಮೇಲೆ ಹಾಗೆಯೇ ಬಿಡಬೇಕು. ಚಕ್ರವು ಹಠಾತ್ತಾಗಿ ಕಿತ್ತು ಬಂದರೂ ಆಗ ಮುಖಕ್ಕೆ ಬಡಿಯದು.

(4) ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿನಲ್ಲಿ ಹನಿಸಿ ಒಂದು ರಾತ್ರಿ ಬಿಡಬೇಕು.

(5) ಪುಲ್ಲರಿನ ಕೈಗಳನ್ನು ಚಕ್ರದ ನಡುಗುಂಭದ ಹಿಂದೆ ಸಿಕ್ಕಿಸಬೇಕು, ಅಂಚಿಗೆ ಹಾಕಕೂಡದು. ನಡುವಿನ ತಿರುಪನ್ನು ದಂಡದ ತುದಿಗೆ ಒತ್ತಿ ಬಿಗಿಯಬೇಕು. ಕಾಲು ಸುತ್ತು ಬಿಗಿದು, ಸ್ವಲ್ಪ ತಡೆದು, ಮತ್ತೆ ಬಿಗಿಯುತ್ತ ಹೋದರೆ ಚಕ್ರವು ಸದ್ದಿನೊಡನೆ ಸಡಿಲುತ್ತದೆ.

ಸುತ್ತಿಗೆಯಿಂದ ದಂಡದ ತುದಿಗೆ ಬಲವಾಗಿ ಹೊಡೆಯುವುದು ದೊಡ್ಡ ತಪ್ಪು. ಆ ಪೆಟ್ಟು ಮರೆಗಳನ್ನು ಕೆಡಿಸುವುದಲ್ಲದೆ, ಕೆಳಗಿನ ಬೇರಿಂಗಿಗೂ ತಾಗುತ್ತದೆ. ಅಪಘಾತದಲ್ಲಿ ತಾನಾಗಿ ಕುಗ್ಗುವಂತೆ ರಚಿಸಿದ ಕಂಬವಿದ್ದರೆ ಅದೂ ಹಾಳಾಗುತ್ತದೆ. ಬೆಂಕಿಯ ಜ್ವಾಲೆಯನ್ನು ಹಿಡಿದರೆ ಅಂಚು ಕರಗಿ ತಂತಿ ಸುಡುವುದು; ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗುಂಭಕ್ಕೆ ಸುತ್ತಿದರೆ ಸಾಕು.

ಮರಳಿ ಕೂಡಿಸುವಾಗ ಹಲ್ಲುಗಳ ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆದು, ಗುರುತುಗಳನ್ನು ಒಂದುಗೂಡಿಸಿ, ಹೊಸ ಬಿಗಿವಾಷರನ್ನು ಹಾಕಿ, ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು ಬಲದಿಂದ ನಟ್ಟನ್ನು ಬಿಗಿಯಬೇಕು. ಮೊದಲು ನಿರ್ಜನವಾದ ದಾರಿಯಲ್ಲಿ ನಿಧಾನವಾಗಿ ನಡೆಸಿ ನೋಡಬೇಕು. ಕೆಲವು ದಿನಗಳ ಮೇಲೆ ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಗಾಳಿಚೀಲವುಳ್ಳ ಕಾರುಗಳಿಗೆ ಈ ಕ್ರಮವು ಸಲ್ಲದು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಗಾಳಿಚೀಲ ಕಡ್ಡಾಯವಾಯಿತು. ಅದಕ್ಕಿಂತ ಹಿಂದಿನ ಕೆಲವು ಕಾರುಗಳಲ್ಲಿಯೂ ಅದು ಉಂಟು. ಚಕ್ರದೊಳಗಿರುವ ಆ ಚೀಲವು ಕ್ಷಣಾರ್ಧದಲ್ಲಿ ಸಿಡಿದು ಉಬ್ಬುವುದರಿಂದ, ಅಂಥ ಕಾರನ್ನು ಪರಿಣತರಿರುವ ಕಾರ್ಯಾಗಾರಕ್ಕೇ ಒಯ್ಯತಕ್ಕದ್ದು. ಕಾರಿನಲ್ಲಿ ಕುಳಿತವರೆಲ್ಲರ ಪ್ರಾಣವೂ ಈ ಒಂದು ನಟ್ಟನ್ನು ನೆಚ್ಚಿಕೊಂಡಿರುತ್ತದೆ. ಆದುದರಿಂದ ಅವಸರಕ್ಕೆ ಇಲ್ಲಿ ಎಡೆಯಿಲ್ಲ.