ಕಾಫಿ ಬೀಜದ ಬೀಜಗಣಿತ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ರೊಬಸ್ಟಾ ಚೆರ್ರಿ ಮಾರಲು ಹೋದ ಬೆಳೆಗಾರ ತಿಳಿಯಬೇಕಾದ ಸಂಗತಿಗಳು ಎರಡು: ಔಟ್‌ಟರ್ನ್ ಎಷ್ಟು ಬಂತು, ಪಾಯಿಂಟಿಗೆ ದರ ಎಷ್ಟು. ಎರಡನ್ನೂ ಗುಣಿಸಿದರೆ ಮೂಟೆಯ ಬೆಲೆ ಸಿಗುತ್ತದೆ. ಶಾಲೆಯ ಗಣಿತ ಪುಸ್ತಕದಲ್ಲಿ ‘ನೇರ ಅನುಪಾತ’ ಎಂಬ ಹೆಸರಿನಿಂದ ಮಕ್ಕಳನ್ನು ಕಾಡುವ ಪಾಠವೂ ಇದೇ.

ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣೇ ಚೆರ್ರಿ. 50 ಕಿಲೋ ಚೆರ್ರಿಯ ಸಿಪ್ಪೆ ತೆಗೆದಾಗ ಉಳಿಯುವ ಬೀಜದ ತೂಕವೇ ಔಟ್‌ಟರ್ನ್. ರೊಬಸ್ಟಾದಲ್ಲಿ ಇದು ಸಾಮಾನ್ಯವಾಗಿ 26ರಿಂದ 28 ಕಿಲೋ. ಒಂದೊಂದು ಕಿಲೋ ಒಂದೊಂದು ಪಾಯಿಂಟ್.

ಪಾಯಿಂಟಿಗೆ 300 ರೂಪಾಯಿ ಎಂದು ಇಟ್ಟುಕೊಳ್ಳೋಣ. ಔಟ್‌ಟರ್ನ್ 26 ಬಂದರೆ ಮೂಟೆಗೆ 7,800 ರೂ., 27 ಬಂದರೆ 8,100, 28 ಬಂದರೆ 8,400. ಬೆಲೆಯನ್ನು ಔಟ್‌ಟರ್ನ್‌ನಿಂದ ಭಾಗಿಸಿ ನೋಡಿ. ಮೂರರಲ್ಲೂ ಉತ್ತರ 300. ಎರಡು ಸಂಗತಿಗಳು ಬದಲಾಗುತ್ತಿದ್ದರೂ ಅವುಗಳ ನಡುವೆ ಅಲುಗಾಡದೆ ನಿಲ್ಲುವ ಈ ಸಂಖ್ಯೆಯೇ ಸ್ಥಿರಾಂಕ. ‘ವೈ = ಕೆ × ಎಕ್ಸ್’ ಎಂಬ ಸೂತ್ರದಲ್ಲಿ ವೈ ಮೂಟೆಯ ಬೆಲೆ, ಎಕ್ಸ್ ಔಟ್‌ಟರ್ನ್, ಕೆ ಆ 300.

ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚಿದರೆ ಅದು ನೇರ ಅನುಪಾತ ಎಂದು ಹಲವರು ತಿಳಿಯುತ್ತಾರೆ. ಅಷ್ಟೇ ಸಾಲದು. ಕುಯ್ಲಿನ ಕೂಲಿಯನ್ನೇ ನೋಡಿ. ಕಿಲೋಗೆ 5 ರೂಪಾಯಿಯಂತೆ ಕೊಟ್ಟರೆ 80 ಕಿಲೋ ಹಣ್ಣಿಗೆ 400, 160 ಕಿಲೋಗೆ 800. ತೂಕ ಇಮ್ಮಡಿಯಾದರೆ ಕೂಲಿಯೂ ಇಮ್ಮಡಿ. ಆದರೆ 80 ಕಿಲೋವರೆಗೆ 400 ರೂಪಾಯಿ ದಿನಗೂಲಿ, ಮೇಲಿನ ಪ್ರತಿ ಕಿಲೋಗೆ 3 ರೂಪಾಯಿ ಎಂದು ಗೊತ್ತುಮಾಡಿದರೆ 160 ಕಿಲೋಗೆ ಸಿಗುವುದು 640 ಮಾತ್ರ. ಕೂಲಿ ಹೆಚ್ಚಿತು ನಿಜ, ಅನುಪಾತ ಉಳಿಯಲಿಲ್ಲ. ಭಾಗಿಸಿ ನೋಡುವುದೇ ಸರಿಯಾದ ಪರೀಕ್ಷೆ.

ಕನ್ನಡ ನಾಡಿಗೆ ಈ ಲೆಕ್ಕ ಹೊಸದಲ್ಲ. ಗೊತ್ತಿರುವ ಮೂರು ಸಂಖ್ಯೆಗಳಿಂದ ನಾಲ್ಕನೆಯದನ್ನು ಕಂಡುಹಿಡಿಯುವ ಇದರ ಹಳೆಯ ಹೆಸರು ತ್ರೈರಾಶಿಕ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ವಿವರಿಸಿದ್ದಾನೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ಬರೆದ.

ಇಂದಿಗೂ ಔಟ್‌ಟರ್ನ್ ತಿಳಿಯುವುದು ತ್ರೈರಾಶಿಕದಿಂದಲೇ. ಇಡೀ ಮೂಟೆಯ ಸಿಪ್ಪೆ ತೆಗೆದು ಯಾರೂ ನೋಡುವುದಿಲ್ಲ. ಸ್ವಲ್ಪ ಮಾದರಿ ತೆಗೆದು ತೂಗುತ್ತಾರೆ. 100 ಗ್ರಾಂ ಚೆರ್ರಿಯಲ್ಲಿ 54 ಗ್ರಾಂ ಬೀಜ ಸಿಕ್ಕರೆ 50 ಕಿಲೋಗೆ 27 ಕಿಲೋ. ಆ ತಕ್ಕಡಿಯಲ್ಲಿ 2 ಗ್ರಾಂ ಕಡಿಮೆ ತೋರಿದರೆ ಔಟ್‌ಟರ್ನ್ ಒಂದು ಪಾಯಿಂಟ್ ಇಳಿಯುತ್ತದೆ. ಮೇಲಿನ ದರದಲ್ಲಿ ಮೂಟೆಗೆ 300 ರೂಪಾಯಿ ಹೋಯಿತು; 100 ಮೂಟೆ ಮಾರುವ ಬೆಳೆಗಾರನಿಗೆ 30,000 ರೂಪಾಯಿ. ತಪ್ಪು ಕೂಡ ನೇರ ಅನುಪಾತದಲ್ಲೇ ಬೆಳೆಯುತ್ತದೆ. ಮಾದರಿ ತೂಗುವಾಗ ಬೆಳೆಗಾರ ತಕ್ಕಡಿಯ ಪಕ್ಕದಲ್ಲೇ ನಿಂತಿರುವುದು ಒಳ್ಳೆಯದು.