ನೀರು ಸುರಿಯುವ ಒಣಕಣ್ಣು

"ಕಣ್ಣಲ್ಲಿ ಸದಾ ನೀರು ಸುರಿಯುತ್ತದೆ. ಡಾಕ್ಟರು ನೋಡಿ, ಕಣ್ಣು ಒಣಗಿದೆ ಅನ್ನುತ್ತಾರೆ. ಯಾವುದನ್ನು ನಂಬಲಿ?" ಎಂದು ಎಪ್ಪತ್ತು ದಾಟಿದ ಓದುಗರೊಬ್ಬರು ಕೇಳಿದ್ದಾರೆ. ಎರಡನ್ನೂ ನಂಬಬಹುದು. ಕಣ್ಣೀರಿನ ಮೇಲೆ ಹರಡಿಕೊಳ್ಳಬೇಕಾದ ಎಣ್ಣೆ ಸಾಲದೆ ಹೋದಾಗ ಹೀಗಾಗುವುದುಂಟು.

ರೆಪ್ಪೆಗೂದಲಿನ ಸಾಲಿನ ಹಿಂದೆಯೇ, ರೆಪ್ಪೆಯ ಅಂಚಿನಲ್ಲಿ, ಸೂಜಿಮೊನೆಯಂಥ ರಂಧ್ರಗಳ ಇನ್ನೊಂದು ಸಾಲಿದೆ. ಒಂದೊಂದು ರಂಧ್ರವೂ ಒಂದೊಂದು ಎಣ್ಣೆ ಗ್ರಂಥಿಯ ಬಾಯಿ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30 ಗ್ರಂಥಿಗಳಿವೆ. ಜರ್ಮನಿಯ ಹೆಲ್ಮ್‌ಸ್ಟೆಟ್‌ನಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹೈನ್ರಿಶ್ ಮೈಬೋಮ್ 1666ರಲ್ಲಿ ಇವನ್ನು ವಿವರಿಸಿ ಬರೆದರು. ಮೈಬೋಮಿಯನ್ ಗ್ರಂಥಿ ಎಂಬ ಹೆಸರು ಬಂದದ್ದು ಅವರಿಂದ. ಇವು ಕೆಡುವ ಸ್ಥಿತಿಗೆ ಈಗ ರೂಢಿಯಲ್ಲಿರುವ ಹೆಸರನ್ನು ಕೊಟ್ಟವರು ಕೋರ್ಬ್ ಮತ್ತು ಹೆನ್ರಿಕೆಜ್ ಎಂಬ ಸಂಶೋಧಕರು, ಅದೂ 1980ರಲ್ಲಿ. ನಡುವೆ ಮೂರು ಶತಮಾನಗಳೇ ಉರುಳಿದ್ದವು!

ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನೋಡಿದ್ದೀರಲ್ಲ? ರಾತ್ರಿ ತೆಳ್ಳಗೆ ಹರಿಯುತ್ತಿದ್ದ ಎಣ್ಣೆ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳದು. ಬಿಸಿನೀರಿನಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಮತ್ತೆ ಹರಿಯುತ್ತದೆ. ರೆಪ್ಪೆಯ ಎಣ್ಣೆಯದೂ ಇದೇ ಸ್ವಭಾವ. ಆರೋಗ್ಯವಂತರಲ್ಲಿ ಅದು ಮೈಯ ಬಿಸಿಗೇ ಕರಗಿರುತ್ತದೆ; ರೆಪ್ಪೆ ಬಡಿದಾಗಲೆಲ್ಲ ಒಂದಿಷ್ಟು ಹೊರಬಂದು ಕಣ್ಣೀರಿನ ಮೇಲೆ ಹರಡುತ್ತದೆ. ಆ ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸು. ಕಣ್ಣೀರು ಬೇಗ ಆರದಂತೆ ಕಾಯಲು ಅಷ್ಟು ಸಾಕು.

ವಯಸ್ಸಾದಂತೆ ಕೆಲವು ಗ್ರಂಥಿಗಳು ಸೊರಗುತ್ತವೆ. ಇನ್ನು ಕೆಲವುಗಳ ಎಣ್ಣೆ ಟೂತ್‌ಪೇಸ್ಟಿನಂತೆ ಗಟ್ಟಿಯಾಗಿ ಬಾಯಿ ಕಟ್ಟಿಕೊಳ್ಳುತ್ತದೆ. ಮುಚ್ಚಿಗೆಯಿಲ್ಲದ ಕಣ್ಣೀರು ಆರಿ ಕಣ್ಣು ಉರಿಯುತ್ತದೆ. ಉರಿ ಆರಿಸಲು ಕಣ್ಣೀರಿನ ಗ್ರಂಥಿ ನೀರು ಸುರಿಸುತ್ತದೆ. ಎಣ್ಣೆಯಿಲ್ಲದ ಆ ನೀರೂ ನಿಲ್ಲುವುದಿಲ್ಲ.

ಎಷ್ಟು ಹಿರಿಯರಿಗೆ ಈ ತೊಂದರೆ? ಅಮೆರಿಕದ ಸಾಲಿಸ್‌ಬರಿಯಲ್ಲಿ 65 ದಾಟಿದವರ ಸಮೀಕ್ಷೆಯ ಲೆಕ್ಕ ಶೇ. 3.5. ತೈವಾನಿನ ಷಿಪಾಯ್‌ನಲ್ಲಿ ಅದೇ ವಯಸ್ಸಿನವರಲ್ಲಿ ಶೇ. 60.8! ಏಷ್ಯಾದ ಸಮೀಕ್ಷೆಗಳಲ್ಲಿ ಪ್ರಮಾಣ ಸಾಮಾನ್ಯವಾಗಿ ಹೆಚ್ಚೇ. ಆದರೆ ಇಷ್ಟು ದೊಡ್ಡ ಅಂತರದಲ್ಲಿ ಅಳತೆಗೋಲಿನ ಪಾಲೂ ಇದೆ. ಷಿಪಾಯ್‌ನಲ್ಲಿ ಗ್ರಂಥಿಯ ಬಾಯಿ ಕಟ್ಟಿದ್ದರೂ ಲೆಕ್ಕ, ರೆಪ್ಪೆಯಂಚಿನಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ ಕಂಡರೂ ಲೆಕ್ಕ. ಸ್ಪೇನಿನ ಓ ಸಾಲ್ನೆಸ್‌ನಲ್ಲಿ ಸಂಶೋಧಕರು ಇನ್ನೊಂದು ಪ್ರಶ್ನೆ ಕೇಳಿದರು: ಕೆಟ್ಟ ಗ್ರಂಥಿ ಇರುವವರಿಗೆ ತೊಂದರೆಯೂ ಇದೆಯೇ? ನಲವತ್ತು ದಾಟಿದವರಲ್ಲಿ ಶೇ. 30.5 ಮಂದಿಯ ಗ್ರಂಥಿಗಳು ಕೆಟ್ಟಿದ್ದವು. ಉರಿ, ತುರಿಕೆಯಂಥ ಬಾಧೆ ಇದ್ದದ್ದು ಶೇ. 8.6 ಮಂದಿಗೆ ಮಾತ್ರ. ಆದ್ದರಿಂದ ಹಿರಿಯರಲ್ಲಿ ಅರ್ಧಕ್ಕರ್ಧ ಜನರಿಗೆ ಕಣ್ಣಿನ ರೋಗ ಎಂಬ ತಲೆಬರಹ ಕಂಡರೆ, ಅಲ್ಲಿ ಎಣಿಸಿದ್ದು ರೆಪ್ಪೆಯ ಗುರುತುಗಳನ್ನೋ ಜನರ ಸಂಕಟವನ್ನೋ ಎಂದು ಮೊದಲು ನೋಡಿ.

ಸಂಕಟ ಇರುವವರಿಗೆ ಮೊದಲ ಉಪಾಯ ಬಾಟಲಿಯದೇ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಚರ್ಮ ತಾಳುವಷ್ಟು ಬಿಸಿಯಿರುವಾಗ ಮುಚ್ಚಿದ ಕಣ್ಣುಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ತಣ್ಣಗಾದಂತೆ ಮತ್ತೆ ಅದ್ದಿ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರವಾಗಿ ನೀವಿ. ಎರಡು ದಿನ ಮಾಡಿ ಬಿಟ್ಟರೆ ಫಲವಿಲ್ಲ, ವಾರಗಟ್ಟಲೆ ಮಾಡಬೇಕು. ನೋವು ಹೆಚ್ಚಿದರೆ, ದೃಷ್ಟಿ ಮಂಜಾದರೆ ಮಾತ್ರ ಬಟ್ಟೆ ಬದಿಗಿಟ್ಟು ಕಣ್ಣಿನ ಡಾಕ್ಟರ ಬಳಿ ಹೋಗಿ.