ಗಾಳಿಗೆ ಒಂದು ರೆಕ್ಕೆ ತಗ್ಗಿಸಿ

ಪಾಲಾರ್‌ನಿಂದ ಗೋಪಿನಾಥಂ ಹಾದು ಹೊಗೇನಕಲ್ಲಿಗೆ ಹೋದವರು ತೆಪ್ಪ ಹತ್ತದೆ ಬರುವುದುಂಟೆ? ನಾನೂ ಹತ್ತಿದೆ. ತೆಪ್ಪದವರ ಕಣ್ಣು ಎದುರು ದಡದ ಬಂಡೆಯ ಮೇಲೆ, ಹುಟ್ಟು ಮಾತ್ರ ನೀರು ಬರುವ ಕಡೆಗೆ. ‘ದಡ ಅಲ್ಲಿದೆಯಲ್ಲಣ್ಣ, ಆ ಕಡೆಗ್ಯಾಕೆ ಹಾಕ್ತೀರಿ?’ ಎಂದೆ. ‘ನೀರ್ ಕಡೀಕೆ ಹಾಕುದ್ರೇ ನೆಟ್ಗೆ ಹೋಗದು ಸಾ’ ಎಂದರು.

ಮೈ ಜುಮ್ಮೆಂದಿತು. ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೆಯ ವಿಮಾನಗಳನ್ನು ಅಡ್ಡಗಾಳಿಯಲ್ಲಿ ಇಳಿಸುವುದು ಹೇಗೆಂದು ಎಷ್ಟೋ ದಿನ ಓದಿ ತಲೆ ಕೆಡಿಸಿಕೊಂಡಿದ್ದೆ. ಉತ್ತರ ಈ ಹರಿಗೋಲಿನಲ್ಲಿತ್ತು. ಗಾಳಿಯೂ ಒಂದು ಹೊಳೆ!

ಆ ಹೊಳೆ ಎತ್ತ ಹರಿಯುತ್ತದೆಂಬುದು ನಮ್ಮ ನೆಲದ ಮೇಲೆಯೇ ಬರೆದಿದೆ. ಬೆಂಗಳೂರಿನ ಎಚ್‌ಎಎಲ್, ಯಲಹಂಕ, ದೇವನಹಳ್ಳಿ, ಅತ್ತ ಮೈಸೂರು: ಎಲ್ಲ ರನ್‌ವೇಗಳ ತುದಿಯಲ್ಲೂ 09 ಮತ್ತು 27. ಜಕ್ಕೂರಿನಲ್ಲಿ 08 ಮತ್ತು 26. ಅಂಕಿಯ ಮುಂದೊಂದು ಸೊನ್ನೆ ಇಟ್ಟರೆ ದಿಕ್ಸೂಚಿಯ ಡಿಗ್ರಿ. ಎಲ್ಲವೂ ಮೂಡಣದಿಂದ ಪಡುವಣಕ್ಕೆ! ಆಷಾಢದ ಪಡುವಣ ಗಾಳಿ, ಚಳಿಗಾಲದ ಮೂಡಣ ಗಾಳಿ, ಎರಡಕ್ಕೂ ಮುಖ ಕೊಟ್ಟು ಮಲಗಿವೆ. ಆದರೆ ಗಾಳಿ ಹೇಳಿದ ಮಾತು ಕೇಳುವುದಿಲ್ಲ. ಅದು ಬರೀ 30 ಡಿಗ್ರಿ ಓರೆಯಾದರೂ ಸಾಕು, ಅದರ ಅರ್ಧ ಬಲ ಅಡ್ಡಕ್ಕೆ ತಳ್ಳುತ್ತದೆ.

ಈಗ ಪುಷ್ಪಕ್ ವಿಮಾನವನ್ನು ನೆನೆಯಿರಿ. ಎಚ್‌ಎಎಲ್ ಕಟ್ಟಿ 1958ರಲ್ಲಿ ಹಾರಿಸಿದ, ಬಟ್ಟೆ ಹೊದ್ದ, ಇಬ್ಬರೇ ಕೂರುವ, 90 ಅಶ್ವಶಕ್ತಿಯ ಪುಟಾಣಿ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಹಾರಲು ಕಲಿತದ್ದು ಇದರಲ್ಲಿ. ಅದಕ್ಕೂ ಮೊದಲು, 1951ರಲ್ಲಿ, ಎಚ್‌ಎಎಲ್‌ನ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಎಚ್‌ಟಿ-2 ಬೆಂಗಳೂರಿನಲ್ಲೇ ಹಾರಿತ್ತು. ಎರಡಕ್ಕೂ ಬಾಲಚಕ್ರ. ಭಾರವೆಲ್ಲ ಮುಂದಿನ ಎರಡು ಚಕ್ರಗಳ ಹಿಂದೆ. ಎತ್ತಿನ ಗಾಡಿಯನ್ನು ಮೂಕಿ ಹಿಡಿದು ಎಳೆಯಿರಿ, ನೆಟ್ಟಗೆ ಬರುತ್ತದೆ. ಹಿಂದಕ್ಕೆ ತಳ್ಳಿ ನೋಡಿ! ಕೂದಲೆಳೆಯಷ್ಟು ಓರೆಯಾದರೂ ಸಾಕು, ಓರೆ ಓರೆಯನ್ನೇ ಹೆಚ್ಚಿಸುತ್ತ ಗಾಡಿ ಅಡ್ಡ ತಿರುಗುತ್ತದೆ. ಬಾಲಚಕ್ರದ ವಿಮಾನ ನೆಲ ಮುಟ್ಟಿದಾಗ ಆಗುವುದೂ ಇದೇ. ಮೇಲೆ ನಿಂತ ಬಾಲದ ಹಲಗೆಗೆ ಗಾಳಿ ಬಡಿದರೆ ಮೂತಿ ಗಾಳಿಯತ್ತ ಹೊರಳುತ್ತದೆ, ಬಾಲ ಮುಂದಕ್ಕೆ ಬರಲು ಹವಣಿಸುತ್ತದೆ, ವಿಮಾನ ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಇದನ್ನು ತಡೆಯುವ ಕಲೆ ಕಂಡರೆ ಉಸಿರು ನಿಲ್ಲುತ್ತದೆ! ಗಾಳಿ ಎಡದಿಂದ ಎನ್ನಿ. ಮೊದಲು ತೆಪ್ಪದ ಉಪಾಯ: ಮೂತಿ ಗಾಳಿಯತ್ತ, ಪಯಣ ರನ್‌ವೇಯತ್ತ. ನೆಲ ಹತ್ತಿರವಾದಾಗ ಕೈಯ ಹಿಡಿಕೆ ಎಡಕ್ಕೆ, ಕಾಲಿನ ಒತ್ತು ಬಲಕ್ಕೆ. ಎಡ ರೆಕ್ಕೆ ಗಾಳಿಗೆ ತಗ್ಗುತ್ತದೆ, ಬಲಗಾಲು ಒತ್ತಿದ ರಡ್ಡರ್, ಅಂದರೆ ಬಾಲದ ಚುಕ್ಕಾಣಿ, ಮೂತಿಯನ್ನು ನೇರ ಹಿಡಿಯುತ್ತದೆ. ಹಾಗೇ ವಾಲಿಕೊಂಡು ಬಂದು ಎಡ ಚಕ್ರವೊಂದೇ ನೆಲ ಮುಟ್ಟುತ್ತದೆ. ಕೀಚ್! ಒಂಟಿ ಚಕ್ರದ ಮೇಲೆ ಓಡುತ್ತ ಓಡುತ್ತ ಬಲ ಚಕ್ರ ಇಳಿಯುತ್ತದೆ, ಕೊನೆಗೆ ಬಾಲ. ವಾಲಿದ್ದರಿಂದಲೇ ಅದು ನೇರ ಇಳಿಯಿತು!

ಗಾಳಿ ಬೀಸಿ ಬೀಸಿ ಬಂದರೆ? ಅದಕ್ಕೂ ಲೆಕ್ಕವಿದೆ. ಗಾಳಿ 10 ನಾಟ್, ಬೀಸು 18 ನಾಟ್ ಇದ್ದರೆ ವ್ಯತ್ಯಾಸ 8; ಅದರ ಅರ್ಧ, 4 ನಾಟ್, ಇಳಿಯಲು ಬರುವ ವೇಗಕ್ಕೆ ಸೇರಿಸುತ್ತಾರೆ. ಬೀಸು ಥಟ್ಟನೆ ನಿಂತರೂ ರೆಕ್ಕೆ ಕೈಬಿಡದಿರಲೆಂದು. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರವಾಗದಿದ್ದರೆ ಆ ರನ್‌ವೇ ಆ ಹೊತ್ತಿಗೆ ಬೇಡ. ಥ್ರಾಟಲ್ ಕೊಟ್ಟು ಮೇಲೇಳುವುದೇ ಜಾಣತನ. ಇದನ್ನು ಸೋಲು ಎನ್ನುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಆಮೇಲಿನದು. ನೆಲಕ್ಕೆ ಬಂದ ಮೇಲೂ ಕೈ ಸಡಿಲಿಸುವಂತಿಲ್ಲ! ವೇಗ ಇಳಿದಂತೆ ರಡ್ಡರಿಗೆ ತಾಗುವ ಗಾಳಿಯೂ ಕಡಿಮೆ, ಹಿಡಿತವೂ ಕಡಿಮೆ. ಹಾಗಾಗಿ ಹಿಡಿಕೆಯನ್ನು ಎಡಕ್ಕೆ ಇನ್ನಷ್ಟು, ಇನ್ನಷ್ಟು ತಿರುಗಿಸಬೇಕು, ಪಾದಗಳು ಹೊಲಿಗೆ ಯಂತ್ರ ತುಳಿದಂತೆ ಪುಟ್ಟಪುಟ್ಟ ಒತ್ತು ಕೊಡುತ್ತಲೇ ಇರಬೇಕು. ನಿಂತಮೇಲೆ ರೆಕ್ಕೆ ಎರಡಕ್ಕೂ ಹಗ್ಗ ಬಿಗಿದು, ಬಾಲವನ್ನೂ ಗೂಟಕ್ಕೆ ಕಟ್ಟುತ್ತಾರೆ. ಆಗಲೂ ಬೀಸು ಬಂದಾಗಲೆಲ್ಲ ಹಗ್ಗ ಬಿರ್ರನೆ ಬಿಗಿಯುತ್ತದೆ, ವಿಮಾನ ಮೊಣಕಾಲೆತ್ತಿದ ಕರುವಿನಂತೆ ಮಿಸುಕುತ್ತದೆ.